ನನ್ನ ಪಾಠ, ಅವಳ ಅಕ್ಷರ

ಅಮೀರ್‌ಪೇಟೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ನಾನು ಡೇಟಾಬೇಸ್ ಪಾಠ ಹೇಳುತ್ತಿದ್ದೆ. ಸಾಫ್ಟ್‌ವೇರ್ ಕೆಲಸಕ್ಕಾಗಿ ಊರೂರಿಂದ ಬಂದವರು ಬೆಂಚಿಗೆ ಆರು ಜನ ಒತ್ತಿಕೊಂಡು ಕೂರುತ್ತಿದ್ದ ಕಾಲ ಅದು. ಅಲ್ಲಿ ಪಾಠವೆಂದರೆ ಉಕ್ತಲೇಖನ. ಮೇಡಂ ಹೇಳಬೇಕು, ಅವರು ಬರೆದುಕೊಳ್ಳಬೇಕು. ಯಾರ ಅಕ್ಷರ ದುಂಡಗಿದೆಯೋ ಅವರ ನೋಟ್ಸು ಕೆಳಗಿನ ಝೆರಾಕ್ಸ್ ಅಂಗಡಿ ಸೇರಿ, ಸ್ಪೈರಲ್ ಬೈಂಡ್ ಆಗಿ ಮಾರಾಟವಾಗುತ್ತಿತ್ತು. ರಾಯಚೂರಿನ ಹುಡುಗಿಯೊಬ್ಬಳು ಬರೆದ ಪ್ರತಿ ಬಂದ ಮೇಲೆ ಉಳಿದವರದೆಲ್ಲ ಮೂಲೆ ಸೇರಿತು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ, ಆದರೆ ‘ಮೇಡಂ ನೋಟ್ಸು’ ಎಂದರೆ ಸಾಕು, ಕೊಡುತ್ತಿದ್ದರು. ಮೊದಮೊದಲು ನಾನೂ ಹಿಗ್ಗಿದ್ದೆ, ಸುಳ್ಳೇಕೆ ಹೇಳಲಿ.

ಐದು ವರ್ಷ ಗಂಟಲು ಹರಿದುಕೊಂಡು ಹೇಳಿದ್ದನ್ನೆಲ್ಲ ಟೈಪ್ ಮಾಡಿ ಪುಸ್ತಕ ಮಾಡಲು ಹೊರಟಾಗ ಹಿಗ್ಗು ಇಳಿಯಿತು. ಪ್ರಕಾಶಕರು ನನ್ನನ್ನು ಕರೆಸಿ, ನನ್ನ ಹಾಳೆಗಳ ಪಕ್ಕಕ್ಕೆ ಆ ಝೆರಾಕ್ಸ್ ಕಟ್ಟನ್ನಿಟ್ಟು, “ಇದರಿಂದ ಇಳಿಸಿಕೊಂಡಿದ್ದೀರಾ?” ಎಂದು ಕೇಳಿದರು. ನನ್ನನ್ನು. ನಾನೇ ಕಟ್ಟಿದ ಉದಾಹರಣೆಗಳು, ನಾನೇ ತಲೆ ಕೆಡಿಸಿಕೊಂಡು ಹುಡುಕಿದ ಸುಲಭದ ದಾರಿಗಳು. ಮೈಯೆಲ್ಲ ಉರಿದುಹೋಯಿತು. ವಿವರಿಸಿದೆ. ಅವರು ನಂಬಿದರು, ಆದರೆ ಬೀದಿಯಲ್ಲಿ ಸಿಗುವುದನ್ನು ಅಚ್ಚು ಹಾಕಲಾರೆ, ಮೊದಲು ಅದನ್ನು ನಿಲ್ಲಿಸಿ ಬನ್ನಿ ಎಂದರು.

ನಿಲ್ಲಿಸುವುದಂತೆ. ಅಂಗಡಿಯವನನ್ನು ಕೇಳಿದರೆ, “ನಿಮಗೇ ಪಬ್ಲಿಸಿಟಿ ಕದಾ ಮೇಡಂ” ಎಂದು ತೆಲುಗು ಬೆರೆಸಿ ಹೇಳಿ, ನಕ್ಕು ನನಗೇ ಒಂದು ಕಟ್ಟು ಕೊಟ್ಟ. ವಕೀಲರೊಬ್ಬರು ಕಾಪಿರೈಟ್ ಕಾಯ್ದೆ ಬಹಳ ಗಟ್ಟಿ ಇದೆ, ಧೈರ್ಯವಾಗಿ ಠಾಣೆಗೆ ಹೋಗಿ ಎಂದರು. ಕಾಯ್ದೆ ಗಟ್ಟಿಯೇ ಇದ್ದೀತು. ಅದನ್ನು ಓದಿದವರು ಠಾಣೆಯಲ್ಲಿರಬೇಕಲ್ಲ. ಒಂದು ದಿನ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಇನ್ನೊಂದು ದಿನ, ಕಳ್ಳ ಸಿಡಿಗಳಾದರೆ ಹಿಡಿಯುತ್ತೇವೆ, ಕಾಗದಕ್ಕೆಲ್ಲ ಯಾರು ಓಡಾಡುತ್ತಾರೆ ಎಂದರು. ಮತ್ತೊಂದು ದಿನ ಅರ್ಜಿಯ ಮೂರು ಪ್ರತಿ ಬೇಕೆಂದರು. ಕ್ಲಾಸಿಗೆ ಹೊತ್ತಾಗಿತ್ತು, ಬೇರೆ ಅಂಗಡಿ ಹುಡುಕಲು ಪುರಸೊತ್ತಿರಲಿಲ್ಲ. ಆ ಝೆರಾಕ್ಸಿನವನ ಮೇಲಿನ ದೂರಿನ ಪ್ರತಿಗಳನ್ನು ಅವನ ಯಂತ್ರದಲ್ಲೇ ಮಾಡಿಸಿದೆ. ಪುಣ್ಯಾತ್ಮ ಓದಿಯೂ ನೋಡಲಿಲ್ಲ.

ಕೊನೆಗೊಮ್ಮೆ ಇನ್‌ಸ್ಪೆಕ್ಟರ್ ಸಿಕ್ಕಿ, ಕಟ್ಟನ್ನು ತಿರುವಿ ಹಾಕಿ, “ಈ ಅಕ್ಷರ ನಿಮ್ಮದಾ?” ಎಂದ.

“ಅಲ್ಲ.”

“ಮತ್ತೆ ನಿಮ್ಮದು ಹೇಗಾಯಿತು? ಬರೆದವರನ್ನು ಕರೆತನ್ನಿ.”

ತಲೆ ಚಚ್ಚಿಕೊಳ್ಳಬೇಕೆನಿಸಿತು. ಐದು ವರ್ಷ ಪಾಠ ಹೇಳಿದ್ದೇನೆ, ನನ್ನ ಕೈಬರಹದಲ್ಲಿ ಒಂದು ಪುಟವಿಲ್ಲ. ರಾಯಚೂರಿನ ಆ ಹುಡುಗಿ ಆಗ ಅದೇ ನಗರದ ಇನ್ನೊಂದು ತುದಿಯ ಮಣಿಕೊಂಡದಲ್ಲಿದ್ದಳು. ಒಳ್ಳೆಯ ಕೆಲಸ ಸಿಕ್ಕಿತ್ತು. ಕಂಪನಿ ಅವಳನ್ನು ವಿದೇಶಕ್ಕೆ ಕಳಿಸುವುದರಲ್ಲಿತ್ತು, ಪಾಸ್‌ಪೋರ್ಟಿಗೆ ಪೊಲೀಸ್ ವಿಚಾರಣೆ ಆಗುವುದೊಂದೇ ಬಾಕಿ. ಫೋನ್ ಮಾಡಿದರೆ ಒಂದಿಷ್ಟೂ ಹಿಂದೆ ಮುಂದೆ ನೋಡಲಿಲ್ಲ.

“ಬರ್ತೀನ್ರಿ ಮೇಡಂ. ನಿಮ್ಮ ಪಾಠ ಐತಿ ಅದು, ನಾ ಹೇಳದಿದ್ರ ಯಾರು ಹೇಳಬೇಕ್ರಿ?”

ರಜೆ ಹಾಕಿ ಬಂದಳು. ಠಾಣೆಯಲ್ಲಿ ಸಲೀಸಾದ ತೆಲುಗಿನಲ್ಲಿ, ಅಕ್ಷರ ನನ್ನದು, ಪಾಠ ಪೂರ್ತಿ ಮೇಡಂ ಅವರದು ಎಂದಳು. ತಿಂಗಳುಗಟ್ಟಲೆ ಚಪ್ಪಲಿ ಸವೆಸಿದ್ದು ಸಾರ್ಥಕ ಎನಿಸಿತು.

“ಅಂಗಡಿಗೆ ಕೊಟ್ಟದ್ದು ಯಾರು?” ಇನ್‌ಸ್ಪೆಕ್ಟರ್ ಬರೆದುಕೊಳ್ಳುತ್ತಲೇ ಕೇಳಿದ.

“ನಾನೇ ಸರ್. ಕ್ಲಾಸು ತಪ್ಪಿಸಿದವರಿಗೆ ಮೇಡಂ ದಿನಾ ಹೇಳುತ್ತಿದ್ದರು, ಇವಳ ನೋಟ್ಸು ಝೆರಾಕ್ಸ್ ಮಾಡಿಸಿಕೊಳ್ಳಿ ಅಂತ. ಎಷ್ಟು ಜನಕ್ಕೆ ಅಂತ ಕೊಡಲಿ? ಅಂಗಡಿಯಲ್ಲೇ ಇಟ್ಟುಬಿಟ್ಟೆ.”

ಆತ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ. “ಹೀಗೆ ಹೇಳಿದ್ದು ನಿಜವಾ? ನಿಜವಾದರೆ ನೀವೇ ಒಪ್ಪಿಗೆ ಕೊಟ್ಟ ಹಾಗಾಯಿತು, ನಾನು ಕೇಸು ಹಾಕುವುದಿಲ್ಲ. ಹೇಳಿಲ್ಲ ಅನ್ನಿ, ಕೇಸು ಹಾಕುತ್ತೇನೆ. ಆದರೆ ನಿಮ್ಮ ಅನುಮತಿಯಿಲ್ಲದೆ ಕೊಟ್ಟವಳು ಈ ಹುಡುಗಿ. ಮೊದಲ ಆರೋಪಿ ಇವಳು, ಅಂಗಡಿಯವನು ಆಮೇಲೆ.”

ಹೇಳಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ. ಹುಡುಗಿ ನನ್ನ ಮುಖ ನೋಡುತ್ತಿದ್ದಳು, ಹೆದರಿಕೆಯಿಂದಲ್ಲ. ಮೇಡಂಗೆ ನೆನಪಿರುತ್ತದೆ ಎಂಬ ನಂಬಿಕೆಯಿಂದ.

“ಹೇಳಿದ್ದೆ” ಎಂದೆ.

ಆತ ಅರ್ಜಿಯ ಮೂರೂ ಪ್ರತಿಗಳನ್ನು ನನಗೆ ವಾಪಸು ಕೊಟ್ಟ. ನನ್ನ ಪುಸ್ತಕದ ಕಥೆ ಅಲ್ಲಿಗೆ ಮುಗಿಯಿತು.

ಬಸ್ ಸ್ಟಾಪಿನವರೆಗೆ ಅವಳಿಗಿಂತ ಮುಂದೆ ಬಿರಬಿರನೆ ನಡೆದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯದೆ ಎಲ್ಲರ ಮೇಲೂ ಸಿಟ್ಟಾಗಿದ್ದೆ. ಅವಳು ಮೆಲ್ಲಗೆ ಕೇಳಿದಳು, “ನಾ ಏನರ ತಪ್ಪು ಹೇಳಿದ್ನೇನ್ರಿ ಮೇಡಂ?”

“ಇಲ್ಲವ್ವಾ” ಎಂದೆ. “ನಾ ಹೇಳಿದ್ದನ್ನೇ ಹೇಳಿದಿ.”