ಮೈತ್ರಿ ಉಟ್ಟ ಬೂದಿ ಬಣ್ಣದ ಸೀರೆ

ಮೈತ್ರಿ ನನ್ನ ವಾರಗಿತ್ತಿ, ಮೈದುನ ಉದಯನ ಹೆಂಡತಿ. ಈಸೂರಿನವಳು. ಪಿಯುಸಿ ಓದಿದ್ದಾಳೆ, ಕಂಪ್ಯೂಟರ್ ಕಲಿತಿದ್ದಾಳೆ. ನಾನು ನಾಲ್ಕನೇ ಕ್ಲಾಸು. ಶಿಕಾರಿಪುರದಲ್ಲಿ ನಮ್ಮದು ಒಂದೇ ಮನೆ, ಒಂದೇ ಒಲೆ. ಅವಳಿಗೆ ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ಹೋದ ವರ್ಷ ನಮ್ಮ ಮನೆಯವರು ತೀರಿಕೊಂಡರು. ಆಮೇಲಿಂದ ಆ ನಗು ನನಗೆ ಆಗುವುದಿಲ್ಲ.

ಸೊರಬದಲ್ಲಿ ಹೊಸ ಆಸ್ಪತ್ರೆ ಆಗಿದೆ. ಬಿಲ್ ಮಾಡುವ ಕೆಲಸಕ್ಕೆ ಇವಳನ್ನು ಇಂಟರ್‌ವ್ಯೂಗೆ ಕರೆದರು. ಈ ಮೊದಲು ಹೋದ ಕಡೆಯೆಲ್ಲ ಇಲ್ಲ ಎಂದಿದ್ದರು. ಇದಾದರೂ ಸಿಗಬೇಕು ಎಂದು ಅವಳ ಹಟ. ‘ಫಾರ್ಮಲ್ ಡ್ರೆಸ್ ಹಾಕಿಕೊಂಡು ಬನ್ನಿ’ ಎಂದು ಫೋನಿಗೆ ಮೆಸೇಜು ಬಂದಿತ್ತು.

“ಫಾರ್ಮಲ್ ಅಂದ್ರೆ ಸೂಟು ರೀ. ನಾನೆಲ್ಲಿಂದ ತರ್ಲಿ?” ಎಂದಳು ಗಂಡನಿಗೆ.

“ನನ್ನ ಮದುವೆ ಕೋಟು ಐತಲ್ಲ, ಹಾಕ್ಕಂಡು ಹೋಗು.”

ಹಾಕಿಯೇ ಬಿಟ್ಟಳು, ನೈಟಿಯ ಮೇಲೆ. ತೋಳಿನೊಳಗೆ ಕೈ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ.

“ಮದುಮಗ ಬಂದ! ಅತ್ತಿಗೆ, ಆರತಿ ತರ್ರೀ!” ಎಂದು ಉದಯ ಕೂಗಿದ. ಕೂಗಿ ನಾಲಿಗೆ ಕಚ್ಚಿಕೊಂಡ. ಆರತಿ ಹಿಡಿಯುವವಳು ನಾನೀಗ ಅಲ್ಲ. ನಾನು ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದೆ, ತಟ್ಟುತ್ತಲೇ ಇದ್ದೆ. ಒಳಗೆ ಅವರಿಬ್ಬರೂ ಮತ್ತೆ ಮೆಲ್ಲಗೆ ನಕ್ಕರು. ನನಗೆ ಹೊಟ್ಟೆ ಉರಿಯಿತು. ನನ್ನ ಜೊತೆ ಹಾಗೆ ನಗುವವರು ಮಣ್ಣಾದರು.

ಅವಳ ಸೀರೆಗಳೆಲ್ಲ ಮಿಂಚುವಂಥವು. ಅದು ಉಟ್ಟಳು, ಇದು ಉಟ್ಟಳು. “ಮದುವೆಗೆ ಹೊಂಟಂಗೆ ಕಾಣ್ತೀನಿ” ಎಂದು ಅತ್ತಳು. ಕೊನೆಗೆ ನನ್ನ ಟ್ರಂಕಿನ ಹತ್ತಿರ ಬಂದಳು.

“ಅಕ್ಕಾ, ಆ ಬೂದಿ ಬಣ್ಣದ ಕಾಟನ್ ಸೀರೆ ಕೊಡ್ತೀರಾ? ಆಫೀಸಿನೋರು ಉಡೋ ಥರ ಐತಿ.”

“ಅದು ಯಾವುದು ಗೊತ್ತೇನು? ಅವರು ಹೋದ ಮೇಲೆ ಕಾರ್ಯದ ದಿನ ತವರಿನವರು ನನಗೆ ಉಡಿಸಿದ್ದು.”

ಅವಳ ಕೈ ನಿಂತಿತು. ಬಾಗಿಲಲ್ಲಿದ್ದ ಉದಯ, “ಬ್ಯಾಡ ಬಿಡೇ” ಎಂದ.

ಮೈತ್ರಿ ಸೀರೆಯನ್ನೇ ನೋಡಿದಳು. “ಅಕ್ಕನ ಸೀರೆ ತಾನೇ? ಯಾರೋ ಸತ್ತೋರದ್ದಲ್ಲವಲ್ಲ. ಕೊಡ್ರಿ.”

ಕೊಟ್ಟೆ. ಜೋಲು ಬಿಡಬೇಡ ಎಂದು ಸೆರಗು ಮಡಚಿ ನಾನೇ ಪಿನ್ ಹಾಕಿದೆ. ತಲೆ ಬಾಚಿ, ಒಂದು ತುಂಡು ಮಲ್ಲಿಗೆ ಮುಡಿದು, ಕುಂಕುಮ ಇಟ್ಟುಕೊಂಡಳು. ಆ ಸೀರೆಯಲ್ಲಿ ನನ್ನನ್ನು ನೋಡಿದವರು ಅಯ್ಯೋ ಪಾಪ ಎನ್ನುತ್ತಾರೆ. ಅವಳು ಅದರಲ್ಲಿ ಮೇಡಂ ಥರ ಕಂಡಳು. ಉದಯ ಬೈಕಿನಲ್ಲಿ ಕೂರಿಸಿಕೊಂಡು ಹೋದ. ಬೀದಿ ತಿರುಗುವ ತನಕ ನೋಡಿದೆ. ಕೆಲಸ ಸಿಗದಿರಲಿ ಅಂತಲೂ ಅನ್ನಿಸಿತು.

ಸಿಕ್ಕಿತು. ಸಂಜೆ ಓಡಿ ಬಂದಳು. “ಕೋಟ್ ಗೀಟ್ ಯಾರೂ ಹಾಕ್ಕಂಡಿರ್ಲಿಲ್ಲ ಅಕ್ಕಾ! ದಿನಾ ಹಿಂಗೇ ಬರ್ರಿ ಅಂದ್ರು ಡಾಕ್ಟ್ರಮ್ಮ.”

“ಸೀರೆ ಬಿಚ್ಚಿ ಕೊಡು,” ಎಂದೆ.

“ತೊಳೆದು ಇಸ್ತ್ರಿ ಮಾಡಿ ಕೊಡ್ತೀನಿ.”

“ಬ್ಯಾಡ. ಹಂಗೇ ಕೊಡು.”

ಸೆರಗಿನಲ್ಲಿ ನಾನೀಗ ಮುಡಿಯದ ಮಲ್ಲಿಗೆಯ ವಾಸನೆ ಇತ್ತು. ಮಡಚಿ ಟ್ರಂಕಿನಲ್ಲಿ ಮೇಲೆಯೇ ಇಟ್ಟೆ. ಸೋಮವಾರದಿಂದ ಅವಳಿಗೆ ಕೆಲಸ. ಮತ್ತೆ ಕೇಳುತ್ತಾಳೆ. ಕೊಡುತ್ತೇನೆ. ತೊಳೆಯಲು ಮಾತ್ರ ಬಿಡುವುದಿಲ್ಲ.