ಕಸೂತಿ ಅಕ್ಕೋರ ಒಂದು ಕಣ್ಣು

ಬೆಳಿಗ್ಗೆ ನಲ್ಲಿ ಬಂದಿತ್ತು. ಎರಡು ಪೀಪಾಯಿ ನೀರು ಹಿಡಿದೆ. ಜೋಳದ ಹಿಟ್ಟು ಸಾಣಿಸಿ ಡಬ್ಬಿಗೆ ತುಂಬಿದೆ. ಕೌದಿ ಒಗೆದು ಮಾಳಿಗೆಯ ಮೇಲೆ ಹರವಿದೆ. ಆಮೇಲೆ ಅತ್ತೆಯವರನ್ನು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆ. ಪೊರೆ ತೆಗೆಯುವ ಮೊದಲಿನ ತಪಾಸಣೆ ಮಾಡಿ ಒಂದು ಹಾಳೆ ಕೈಗೆ ಕೊಟ್ಟರು. ಕಣ್ಣಿನ ಮುಂದಿನ ಗಾಜಿನಂಥ ಪದರ, ಕಾರ್ನಿಯಾ, ಅದರ ಒಳಮೈಯ ಚಿತ್ರ. ಜೇನುಹುಟ್ಟಿನ ಹಾಗೆ ಆರು ಮೂಲೆಯ ಸಣ್ಣ ಸಣ್ಣ ಕೋಶಗಳು, ಒಂದಕ್ಕೊಂದು ಅಂಟಿಕೊಂಡು... ನೋಡುತ್ತ ನಿಂತಲ್ಲೇ ನಮ್ಮ ಕಸೂತಿ ಅಕ್ಕೋರು ನೆನಪಾದರು.

ಉಣಕಲ್ಲಿನಲ್ಲಿ ನನ್ನ ತವರಿನ ಪಕ್ಕದ ಮನೆಯವರು, ತಮ್ಮನ ಜೊತೆ ಇದ್ದರು. ಓಣಿಯ ಹುಡುಗಿಯರಿಗೆ ಕಸೂತಿ ಕಲಿಸುತ್ತಿದ್ದುದರಿಂದ ಎಲ್ಲರಿಗೂ ಅಕ್ಕೋರೇ. ಸಣ್ಣವರಿದ್ದಾಗ ಸಿಡುಬಿನಲ್ಲಿ ಎಡಗಣ್ಣು ಹೋಗಿತ್ತು. ಉಳಿದ ಒಂದರಲ್ಲೇ ಬಟ್ಟೆಯ ಎಳೆ ಎಣಿಸಿ ಗೋಪುರ, ನವಿಲು ಹಾಕುತ್ತಿದ್ದರು. ಮೊದಲೇ ಗೆರೆ ಬರೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ. ಹಿಂದೆ ಮುಂದೆ ಒಂದೇ ತರಹ ಕಾಣಬೇಕು. ಎಳೆ ತಪ್ಪಿದರೆ ಬಿಚ್ಚಿಸುತ್ತಿದ್ದರು.

ನನ್ನ ಲಗ್ನ ಗೊತ್ತಾದಾಗ, ಎರಡು ಸಾವಿರನೇ ಇಸವಿಯ ಆಚೀಚೆ, ನನ್ನ ಇಳಕಲ್ ಸೀರೆಯ ಸೆರಗು ಅವರ ಕೈಯಲ್ಲಿ ಅರ್ಧ ಆಗಿತ್ತು. ಆಗಲೇ ಉಳಿದ ಆ ಒಂದು ಕಣ್ಣಿಗೆ ಪೊರೆ ಬಂತು. ದವಾಖಾನೆಗೆ ನಾನೇ ಜೊತೆ ಹೋದೆ. ಯಂತ್ರಕ್ಕೆ ಗದ್ದ ಊರಿಸಿ ಕೂರಿಸಿ ಇಂಥದೇ ಚಿತ್ರ ತೆಗೆದರು. ಡಾಕ್ಟರು ಅದನ್ನು ಮೇಜಿನ ಮೇಲಿಟ್ಟದ್ದೇ ತಡ, ಅಕ್ಕೋರು ಕಣ್ಣಿಗೆ ಹತ್ತಿರ ಹಿಡಿದು ಉಗುರಿನಿಂದ ಎಣಿಸತೊಡಗಿದರು.

“ಮಷಿನ್ ಎಣಿಸೇತ್ರಿ ಅಕ್ಕಾರ,” ಎಂದರು ಡಾಕ್ಟರು.

“ಅಂಚಿನಾಗಿನ ಅರ್ಧಂಬರ್ಧದ್ದು ಎಣಿಸೇತೋ, ಬಿಟ್ಟೇತೋ? ನಮ್ಮ ಹುಡುಗ್ಯಾರು ಅಲ್ಲೇ ತಪ್ತಾರ್ರಿ.”

ಡಾಕ್ಟರು ನಕ್ಕರು. ಆಮೇಲೆ ಕೋಶಗಳ ನಡುವೆ ಖಾಲಿ ಬಿದ್ದ ಕಪ್ಪು ಚುಕ್ಕೆಗಳನ್ನು ತೋರಿಸಿದರು. ಪದರದಲ್ಲಿ ನೀರು ತುಂಬಿ ಮಬ್ಬಾಗದಂತೆ ಕಾಯುವುದು ಈ ಕೋಶಗಳೇ. ಅಕ್ಕೋರಿಗೆ ಅವು ಕಡಿಮೆ ಇದ್ದವು.

“ಇವು ಹೋದೂ ಅಂದ್ರ ಮತ್ತ ಹುಟ್ಟಂಗಿಲ್ರಿ. ಬಾಜೂಕಿನವು ಹಿಗ್ಗಿ ಜಾಗಾ ತುಂಬ್ತಾವ, ಅಷ್ಟ. ತಡಾ ಮಾಡಬ್ಯಾಡ್ರಿ. ಪೊರಿ ಗಟ್ಟಿ ಆದಷ್ಟೂ ತಗಿಯೂವಾಗ ಇವು ಹೆಚ್ಚು ಸಾಯ್ತಾವ.”

“ಬಿಚ್ಚಿ ಮತ್ತ ಹಾಕಾಕ ಬರಂಗಿಲ್ಲ ಅನ್ರಿ,” ಎಂದು ಅಕ್ಕೋರು ಚಿತ್ರ ಮಡಚಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದರು: “ಆಪರೇಷನ್ ಆದ ಮ್ಯಾಲ ಸೂಜಿ ಮುಟ್ಟಾಕ ಬಿಡ್ತಾರೋ ಇಲ್ಲೋ. ನಿನ್ನ ಸೆರಗ ಮುಗೀಲಿ, ಆಮ್ಯಾಲ ನೋಡೂಣು. ನನ್ನ ತಮ್ಮನ ಮುಂದ ಬಾಯಿ ಬಿಟ್ಟೀ ಮತ್ತ, ನಿನ್ನ ಹೊಟ್ಟ್ಯಾಗ ಒಂದೂ ನಿಲ್ಲಂಗಿಲ್ಲ.”

ಡಾಕ್ಟರು ಹೇಳಿದ್ದನ್ನು ನಾನೂ ಕೇಳಿದ್ದೆ. ಆದರೂ “ಹೂಂನ್ರಿ” ಎಂದೆ. ಅವರ ಕೈಯ ಸೆರಗೇ ಬೇಕೆಂಬ ಆಸೆ... ಆ ಒಂದು ಸಲ ಮಾತು ನನ್ನ ಹೊಟ್ಟೆಯಲ್ಲಿ ನಿಂತಿತು.

ಸೆರಗು ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಎಳೆ ಕಾಣದೆ ಬಿಚ್ಚುತ್ತಿದ್ದರು, ಮತ್ತೆ ಹಾಕುತ್ತಿದ್ದರು. ಲಗ್ನವಾಯಿತು. ಆಮೇಲೆ ಆಷಾಢ ಅಂದರು, ಮಳೆ ಅಂದರು, ವರ್ಷವೇ ಹೋಯಿತು. ಕೊನೆಗೆ ಆಪರೇಷನ್ ಮಾಡಿಸಿದರೂ ಕೋಶಗಳು ಸತ್ತು ಕಣ್ಣು ತಿಳಿಯಾಗಲಿಲ್ಲ. ದಾನದ ಕಣ್ಣಿಗೆ ಹೆಸರು ಬರೆಸಿದರು.

ತವರಿಗೆ ಹೋದಾಗ ಆ ಸೀರೆ ಒಯ್ದಿದ್ದೆ. ಅಕ್ಕೋರು ಸೆರಗಿನ ಮೇಲೆ ಬೆರಳಾಡಿಸಿ, ತಿರುವಿ ಹಿಂಬದಿ ಮುಟ್ಟಿ, ಒಂದು ನವಿಲಿನ ಕತ್ತಿನ ಹತ್ತಿರ ನಿಂತರು.

“ಇಲ್ಲೆ ಒಂದೆಳಿ ತಪ್ಪೇತಿ. ನೀ ನೋಡಿದ್ದಿಲ್ಲೇನು?”

ನೋಡಿದ್ದೆ. “ಇಲ್ರಿ ಅಕ್ಕೋರ,” ಎಂದೆ.

“ಸುಳ್ಳಿ,” ಎಂದು ನಕ್ಕು, ಸೀರೆ ಮಡಚಿ ಕೊಟ್ಟರು.

ದಾನದ ಕಣ್ಣು ಬಂದಿದೆ ಎಂಬ ಕರೆ ಬರುವ ಮೊದಲೇ ಅಕ್ಕೋರು ಹೋದರು. ಡಾಕ್ಟರು ತಡ ಮಾಡಬೇಡಿ ಎಂದಿದ್ದರೆಂದು ಅವರ ತಮ್ಮನಿಗೆ ನಾನು ಆಮೇಲೂ ಹೇಳಲಿಲ್ಲ...

ಇವತ್ತು ಮನೆಗೆ ಬರುತ್ತ ಅತ್ತೆಯವರು, “ಹಬ್ಬ ಮುಗೀಲಿ ತಡಿಯವಾ, ಹೋಳಿಗಿ ಯಾರು ಮಾಡ್ತಾರ?” ಎಂದರು.

“ನಾ ಮಾಡ್ತೇನ್ರಿ. ಆಪರೇಷನ್ ಸೋಮವಾರನ,” ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಇದೇ ಮೊದಲು.

ಮುಖ ಊದಿಸಿಕೊಂಡೇ ಎರಡು ರೊಟ್ಟಿ, ಪುಂಡಿಪಲ್ಲೆ ಉಂಡರು. ಮಜ್ಜಿಗೆ ಬೇಡವೆಂದರು. ಗೋಡೆಯ ಕಡೆ ತಿರುಗಿ ಮೊದಲು ಮಲಗಿದವರೂ ಅವರೇ.