ಹೆಸರು ಹೇಳದ ಪೇಮಕ್ಕ

ಇವತ್ತು ಬೆಳಗ್ಗೆ ಅಂಗಡಿಯ ಶಟರ್ ಎತ್ತಿದಾಗ ನುಸಿಗುಳಿಗೆಯ ವಾಸನೆ ಬಂತು. ಶಿರಾ ಗೇಟ್‌ನ ಧೂಳು, ಡೀಸೆಲ್ ಹೊಗೆ, ಪಕ್ಕದ ಹೋಟೆಲಿನ ಒಗ್ಗರಣೆ, ಇಷ್ಟನ್ನೂ ಸೀಳಿಕೊಂಡು ಆ ವಾಸನೆ ಮೂಗಿಗೆ ಬಡಿದರೆ ಎದುರಿನ ಖಾಲಿ ಜಾಗದಲ್ಲಿ ಸ್ವೆಟರ್ ಅಂಗಡಿಗಳು ಎದ್ದಿವೆ ಎಂದೇ ಅರ್ಥ. ತುಮಕೂರಿನ ಚಳಿ ನಿಮಗೆ ಗೊತ್ತಲ್ಲ, ಚಳಿಗಿಂತ ಅದರ ಸಡಗರವೇ ದೊಡ್ಡದು. ಒಂದಿಷ್ಟು ಮಂಜು ಕಂಡರೆ ಸಾಕು, ಶಿರಾ ಬಸ್ಸಿನಿಂದ ಇಳಿದವರೆಲ್ಲ ಕಿವಿ ಮುಚ್ಚುವ ಟೋಪಿ ಹುಡುಕುತ್ತಾರೆ. ಬಿಸಿಲೇರಿದ ಮೇಲೆ ಅದನ್ನೇ ಕಂಕುಳಲ್ಲಿಟ್ಟುಕೊಂಡು ಬೆವರುತ್ತಾ ಓಡಾಡುತ್ತಾರೆ. ನಾನೂ ಅದೇ ಪೈಕಿ.

ಬಿ.ಕಾಂ. ಮುಗಿಸಿ ಅಬ್ಬಾನ ಟೇಲರ್ ಅಂಗಡಿಯಲ್ಲಿ ಕೂತವಳು ನಾನು. ಎದುರು ಸಾಲಿನಲ್ಲಿ ಕೊಂಡ ಸ್ವೆಟರಿನ ತೋಳು ಉದ್ದವಾದರೆ, ಜಿಪ್ಪು ಕೈಕೊಟ್ಟರೆ, ಗಿರಾಕಿಗಳು ರಸ್ತೆ ದಾಟಿ ನನ್ನ ಹತ್ತಿರ ಬರುತ್ತಾರೆ. ಅವರನ್ನು ಕಳಿಸುವವಳು ಪೇಮಕ್ಕ. "ಹೋಗಿ, ಟೇಲರಮ್ಮ ಸರಿ ಮಾಡ್ಕೊಡ್ತಾಳೆ. ಸ್ವಲ್ಪ ಬೈತಾಳೆ, ಬೈಸ್ಕೊಳ್ಳಿ" ಎಂದು ಹೇಳಿಯೇ ಕಳಿಸುತ್ತಾಳೆ.

ಪೇಮಕ್ಕ ಟಿಬೆಟಿನವಳು. ಚಿಕ್ಕಂದಿನಲ್ಲಿ ಚಿಕ್ಕಪ್ಪನ ಕೈಹಿಡಿದು ಹಿಮದ ಬೆಟ್ಟ ದಾಟಿ ಬಂದು ಬೈಲಕುಪ್ಪೆಯ ನಿರಾಶ್ರಿತರ ಕ್ಯಾಂಪಿನಲ್ಲಿ ಬೆಳೆದವಳು. ತಾಯಿ ಮತ್ತು ತಮ್ಮ ಆ ಕಡೆಯೇ ಉಳಿದರು. ಅವಳ ಕನ್ನಡ ನನ್ನದಕ್ಕಿಂತ ಚುರುಕು. ಒಮ್ಮೆ ಹಾಗಲವಾಡಿಯ ಅಜ್ಜನೊಬ್ಬ ಸ್ವೆಟರ್ ತಿರುಗಿಸಿ ತಿರುಗಿಸಿ ನೋಡಿ, "ಅರ್ಧಕ್ಕೆ ಕೊಡವ್ವ" ಅಂದ.

"ಅರ್ಧಕ್ಕೆ ಒಂದೇ ತೋಳು ಬರ್ತದೆ ಅಜ್ಜ. ಎಡಗೈದು ಕೊಡ್ಲಾ, ಬಲಗೈದು ಕೊಡ್ಲಾ?"

ಅಜ್ಜ ನಕ್ಕು ಎರಡು ತೋಳಿನದನ್ನೇ ಕೊಂಡುಹೋದ.

ಚಳಿಗಾಲಕ್ಕೆ ಮಾತ್ರ ಬರುವ ಆ ಸಾಲಿನ ಟಿಬೆಟಿನವರದ್ದು ಒಂದು ಪದ್ಧತಿ. ಯಾರಾದರೂ ಬೆಲೆ ಇಳಿಸಿದರೆ ಗುಟ್ಟಾಗಿ ಇಳಿಸುವಂತಿಲ್ಲ. ತಮ್ಮ ಭಾಷೆಯಲ್ಲಿ, ಈ ತುದಿಯಿಂದ ಆ ತುದಿಗೆ ಕೇಳುವಂತೆ, ಕೂಗಿ ಹೇಳಬೇಕು. ಪಕ್ಕದವನ ವ್ಯಾಪಾರ ಕೆಡಬಾರದು ಅಂತ. ಮೊದಲ ವರ್ಷ ನಾನು ಅದನ್ನು ಜಗಳ ಎಂದುಕೊಂಡು ಬಿಡಿಸುವುದಕ್ಕೆ ಹೋಗಿದ್ದೆ. ಅವರೆಲ್ಲ ಬಿದ್ದು ಬಿದ್ದು ನಕ್ಕು ನನಗೆ ಟೀ ಕುಡಿಸಿ ಕಳಿಸಿದ್ದರು.

ಹೋದ ಚಳಿಗಾಲದಲ್ಲಿ ಮಾತ್ರ ಪೇಮಕ್ಕ ನಗುವುದನ್ನು ಕಡಿಮೆ ಮಾಡಿದ್ದಳು. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಕೂತು, ಬಹಳ ಹೊತ್ತು ಗುಂಡಿಗಳ ಡಬ್ಬದಲ್ಲಿ ಕೈಯಾಡಿಸಿ, ಕೊನೆಗೆ ಹೇಳಿದಳು. ಟಿಬೆಟಿನಲ್ಲಿರುವ ತಮ್ಮ ಮೊದಲೆಲ್ಲ ವರ್ಷಕ್ಕೊಂದೆರಡು ಸಲ ಫೋನ್ ಮಾಡಿ, ಊಟ ಆಯ್ತಾ, ಹಿಮ ಬಿತ್ತು ಎನ್ನುವಷ್ಟು ಮಾತಾಡಿ ಇಟ್ಟುಬಿಡುತ್ತಿದ್ದ. ಈಗ ಅವನ ಪಕ್ಕದಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಅಲ್ಲಿನ ಸರ್ಕಾರದವನು. ಬಹಳ ಮರ್ಯಾದೆಯಿಂದ ಮಾತಾಡುತ್ತಾನೆ. ಕ್ಯಾಂಪಿನಲ್ಲಿ ಪ್ರಾರ್ಥನೆಗೆ ಯಾರು ಯಾರು ಸೇರುತ್ತಾರೆ, ಪ್ರತಿಭಟನೆಯ ಮೆರವಣಿಗೆಗೆ ಯಾರು ಹೋಗುತ್ತಾರೆ, ಹೆಸರು ಮತ್ತು ಫೋಟೋ ಕಳಿಸಬೇಕು. ಕಳಿಸಿದರೆ ತಾಯಿಯನ್ನು ನೋಡುವುದಕ್ಕೆ ಪರ್ಮಿಟ್ ಸಿಗುತ್ತದೆ. ಕಳಿಸದಿದ್ದರೆ ತಮ್ಮನ ಡ್ರೈವರ್ ಕೆಲಸ ಹೋಗುತ್ತದೆ, ಆಮೇಲೆ ಅವನೂ ಹೋಗಬಹುದು. ಈ ವಿಷಯ ಯಾರಿಗೂ ಹೇಳಕೂಡದು ಅಂತಲೂ ಅವನದೇ ತಾಕೀತು.

ಓದಿದವಳಲ್ಲವೇ, ತಕ್ಷಣ ಪರಿಹಾರ ಕೊಟ್ಟೆ. "ನಂಬರ್ ಬ್ಲಾಕ್ ಮಾಡು ಅಕ್ಕ."

"ಬ್ಲಾಕ್ ಮಾಡಿದ್ರೆ ತಮ್ಮನೂ ಬ್ಲಾಕ್ ಆಗ್ತಾನೆ ಕಣಮ್ಮ" ಅಂದಳು. ಆಮೇಲೆ ಮೆಲ್ಲಗೆ, "ಅಮ್ಮಂಗೆ ಈಗ ಕಣ್ಣು ಕಾಣಲ್ಲವಂತೆ. ನಾನು ಹೋದ್ರೂ ಮುಟ್ಟಿ ನೋಡ್ಬೇಕು" ಅಂದಳು.

ಕೆಲವು ದಿನ ಕಳೆದು ನಾನು ಅವಳ ಅಂಗಡಿಯಲ್ಲಿ ನಿಂತು ಕುಣಿಗಲ್‌ನ ಹೆಂಗಸೊಬ್ಬರ ತೋಳಿನ ಅಳತೆ ತೆಗೆಯುತ್ತಿದ್ದೆ. ಪೇಮಕ್ಕನ ಫೋನಿಗೆ ತಮ್ಮನ ನಂಬರಿನಿಂದ ಒಂದು ಫೋಟೋ ಬಂತು. ಅದನ್ನು ನೋಡಿ ನನ್ನ ಕಡೆ ತಿರುಗಿಸಿದಳು. ಅದೇ ದಿನ ಬೆಳಗಿನ ಫೋಟೋ. ಅದೇ ಅಂಗಡಿ, ಅದೇ ಪೇಮಕ್ಕ. ಪಕ್ಕದಲ್ಲಿ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು ಹಲ್ಲು ಬಿಡುತ್ತಿರುವ ನಾನು.

ಆ ಕ್ಷಣವನ್ನು ಎಷ್ಟು ಸಲ ಮತ್ತೆ ಮತ್ತೆ ನೋಡಿದ್ದೇನೋ. ಯಾರು ತೆಗೆದಿದ್ದು? ಬೆಳಗ್ಗೆ ಟೋಪಿ ಕೇಳಿ ಕೊಳ್ಳದೆ ಹೋದವನೇ? ರಸ್ತೆಯಾಚೆ ಬೈಕ್ ನಿಲ್ಲಿಸಿಕೊಂಡು ಫೋನ್ ನೋಡುತ್ತಿದ್ದವನೇ? ನಮ್ಮ ಶಿರಾ ಗೇಟಿಗೆ, ನನ್ನ ಅಂಗಡಿಯ ಎದುರಿಗೆ, ಯಾವುದೋ ದೇಶದ ಕಣ್ಣು ಬಂದು ನಿಂತು ಹೋಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ.

ಫೋನ್ ಹೊಡೆದುಕೊಳ್ಳತೊಡಗಿತು. ಪೇಮಕ್ಕ ಸುತ್ತ ಒಮ್ಮೆ ನೋಡಿದಳು. ಆಮೇಲೆ ಬೆಲೆ ಇಳಿಸಿದಾಗ ಕೂಗುವ ಅದೇ ದನಿಯಲ್ಲಿ, ಇಡೀ ಸಾಲಿಗೆ ಕೇಳುವಂತೆ ಕೂಗಿ ಕರೆದಳು. ಸಾಲಿನವರೆಲ್ಲ ಗಿರಾಕಿಗಳನ್ನು ಬಿಟ್ಟು ಓಡಿಬಂದರು. ಫೋನನ್ನು ಸ್ವೆಟರ್ ರಾಶಿಯ ಮೇಲಿಟ್ಟು ಸ್ಪೀಕರ್ ಒತ್ತಿದಳು.

ಮೃದುವಾದ ಗಂಡಸಿನ ದನಿ. ಪಕ್ಕದ ಅಂಗಡಿಯ ದೋರ್ಜಿ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದ.

"ಏನು ಗಲಾಟೆ, ಯಾರಿದ್ದಾರೆ ಅಂತ ಕೇಳ್ತಾವ್ನೆ. ಎಲ್ಲರೂ ಇದೀವಿ ಅಂತಾವ್ಳೆ ಪೇಮಾ. ಹೆಸರು ಬೇಕಲ್ವಾ, ನನ್ ಹೆಸರು ಬರ್ಕೋ ಅಂತಾವ್ಳೆ. ಪ್ರಾರ್ಥನೆಗೆ ನಾನು ಹೋಗ್ತೀನಿ. ಬೇರೆಯವರ ಹೆಸರು ನನ್ ಅಂಗಡೀಲಿ ಇಲ್ಲ ಅಂತಾವ್ಳೆ."

ಆ ಕಡೆಯವನು ಇನ್ನೇನೋ ಅಂದ. ದೋರ್ಜಿ ನನ್ನ ಮುಖ ನೋಡಿದ. "ಫೋಟೋದಲ್ಲಿ ಟೇಪ್ ಹಾಕ್ಕೊಂಡಿರೋಳು ಯಾರು ಅಂತ ಕೇಳ್ತಾವ್ನೆ."

ನನ್ನೊಳಗೆ ಏನಾಯಿತೋ. "ಏಯ್, ಯಾರೋ ನೀನು? ಧೈರ್ಯ ಇದ್ರೆ ಶಿರಾ ಗೇಟ್‌ಗೆ ಬಂದು ಕೇಳೋ!" ಎಂದು ಅಪ್ಪಟ ಕನ್ನಡದಲ್ಲಿ ಕಿರುಚಿಬಿಟ್ಟೆ. ಕಿರುಚಿದ್ದು ಬಾಯಿ ಮಾತ್ರ. ಕಾಲುಗಳು ಆಗಲೇ ಪಕ್ಕದ ಮೂಟೆಯ ಮೇಲೆ ಕುಸಿದು ಕೂತಿದ್ದವು. ಲೈನ್ ಕಟ್ಟಾಯಿತು.

ಆಮೇಲೆ ದೋರ್ಜಿ ತಲೆ ತಗ್ಗಿಸಿ, "ನಂಗೂ ಇಂಥ ಫೋನು ಬರ್ತಾ ಇತ್ತು" ಅಂದ. ತುದಿಯಂಗಡಿಯ ಮುದುಕಿಗೂ ಬಂದಿತ್ತಂತೆ. ಪಕ್ಕಪಕ್ಕದಲ್ಲಿ ಕೂತು, ಒಂದೇ ಫ್ಲಾಸ್ಕಿನ ಟೀ ಕುಡಿಯುತ್ತಾ, ಒಬ್ಬೊಬ್ಬರೂ ತಾವೊಬ್ಬರೇ ಎಂದುಕೊಂಡು ಹೆದರಿದ್ದರು. ಪೇಮಕ್ಕ ಕುಣಿಗಲ್‌ನವರಿಗೆ ಸ್ವೆಟರ್ ಮಡಿಸಿ ಕೊಡಲು ಹೋದಳು. ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಆ ಹೆಂಗಸೇ ಅವಳ ಕೈ ಹಿಡಿದು ನಿಲ್ಲಿಸಿದರು.

ಮರುದಿನ ಅವರೆಲ್ಲ ಒಟ್ಟಿಗೆ ಹೋಗಿ ಪೊಲೀಸರಿಗೂ ಕ್ಯಾಂಪಿನ ಹಿರಿಯರಿಗೂ ವಿಷಯ ತಿಳಿಸಿದರು. ಅಂಥ ಫೋನನ್ನು ಇನ್ನು ಯಾರೂ ಒಬ್ಬರೇ ಎತ್ತಬಾರದು ಎಂದು ಮಾತಾಡಿಕೊಂಡರು. ಅವು ಕ್ರಮೇಣ ನಿಂತವು. ತಮ್ಮನ ಫೋನೂ ನಿಂತಿತು. ನಾನಂತೂ ಒಂದು ವಾರ ಶಟರ್ ಅರ್ಧ ಇಳಿಸಿಯೇ ಕೂತಿದ್ದೆ. "ನಿಂಗ್ಯಾಕೆ ಬೇಕಿತ್ತೇ ಇದೆಲ್ಲ?" ಎಂದು ಅಮ್ಮಿ ಬೈದಳು. ಈಗಲೂ ಯಾರಾದರೂ ಅಂಗಡಿಯ ಮುಂದೆ ಫೋನ್ ಎತ್ತಿ ಹಿಡಿದರೆ ಹೊಲಿಗೆ ತಪ್ಪುತ್ತದೆ. ಕಳೆದುಕೊಳ್ಳುವುದಕ್ಕೆ ತಾಯಿ, ತಮ್ಮ ಇದ್ದವಳು ನೇರ ನಿಂತಿದ್ದಳು. ಒಂದು ಫೋಟೋದಲ್ಲಿ ಬಿದ್ದವಳು ನಾನು ಕುಸಿದಿದ್ದೆ.

ಇವತ್ತು ಶಟರ್ ಎತ್ತಿದವಳೇ ರಸ್ತೆ ದಾಟಿದೆ. ಪೇಮಕ್ಕ ಮೂಟೆ ಬಿಚ್ಚುತ್ತಿದ್ದಳು. ವರ್ಷವಿಡೀ ಫೋನಿನಲ್ಲಿ ಕೇಳಲಾಗದ್ದನ್ನು ಕೇಳಿದೆ.

"ತಮ್ಮ?"

"ಒಂದ್ಸಲ ಮಾಡಿದ್ದ. ಕೆಲಸ ಹೋಯ್ತಂತೆ. ಈಗ ಕುರಿ ಕಾಯ್ತಾವ್ನೆ." ಮೂಟೆಯ ಹಗ್ಗ ಎಳೆಯುತ್ತಲೇ ಹೇಳಿದಳು. "ಅವತ್ತು ಆ ರೂಮಲ್ಲಿ ಅವನೂ ಇದ್ನಂತೆ ಕಣಮ್ಮ. ಎಲ್ಲಾ ಕೇಳಿಸ್ಕೊಂಡ್ನಂತೆ. ಅಕ್ಕಾ, ಕೊನೇಲಿ ಒಬ್ಳು ಅರ್ಥ ಆಗದ ಭಾಷೇಲಿ ಕಿರುಚಿದ್ಲಲ್ಲ, ಅವಳು ಯಾರು ಅಂತ ಕೇಳ್ದ."

ತಮ್ಮನ ಆ ಫೋನನ್ನು ಇನ್ಯಾರು ಕದ್ದು ಕೇಳುತ್ತಿದ್ದರೋ. "ಏನ್ ಹೇಳ್ದೆ?"

ಪೇಮಕ್ಕ ತಲೆಯೆತ್ತಿದಳು.

"ಹೆಸರು ಹೇಳಲ್ಲ ಅಂದೆ. ನನ್ ತಂಗಿ ಅಂದೆ."

ನಾನು ಬಗ್ಗಿ ಮೂಟೆಯ ಇನ್ನೊಂದು ತುದಿ ಹಿಡಿದೆ.